ನಿಮ್ಮ ಪ್ರಶ್ನೆಗೆ ಉತ್ತರ: ಬಿಡಿ ಸಿಗರೇಟು ಕೊಡ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಮೇಡಂ, ನನಗೀಗ 52. ಗಾಂಧಿ ಚೌಕದ ಹತ್ತಿರ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ದಿನಕ್ಕೆ ನಾಲ್ಕೈದು ಸಿಗರೇಟು, ಅಷ್ಟೇ. ಈಗ ಪಾನ್ ಅಂಗಡಿಯವನು ಬಿಡಿ ಕೊಡಲ್ಲ, ಪಾಕೀಟೇ ತಗೊಳ್ರಿ ಅಂತಾನೆ. ಬಸ್ ಸ್ಟ್ಯಾಂಡಿನಲ್ಲಿ ಹಚ್ಚಿದ್ದಕ್ಕೆ ದಂಡ ಬೇರೆ ಕಟ್ಟಿದೆ. ನನ್ನ ದುಡ್ಡು, ನನ್ನ ಎದೆ. ಸರ್ಕಾರಕ್ಕೇನು?
- ಓದುಗರು, ವಿಜಯಪುರ

ಉತ್ತರ: ದಂಡದ ವಿಷಯದಲ್ಲಿ ನಾನು ನಿಮ್ಮ ಕಡೆ ಇಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅನ್ನುವುದು 2003ರ ಕೇಂದ್ರ ಕಾನೂನು. 2008ರ ಅಕ್ಟೋಬರ್ 2ರಿಂದ ಅದರ ನಿಯಮಗಳು ಬಿಗಿಯಾದವು, ಬಸ್ ಸ್ಟ್ಯಾಂಡೂ ಅದರೊಳಗೆ ಬಂತು. 200 ರೂಪಾಯಿ ಇದ್ದ ದಂಡವನ್ನು ಕರ್ನಾಟಕದ ತಿದ್ದುಪಡಿ 2025ರಲ್ಲಿ 1000ಕ್ಕೆ ಏರಿಸಿತು. ಎದೆ ನಿಮ್ಮದು, ಸರಿ. ಪಕ್ಕದ ಬೆಂಚಿನಲ್ಲಿ ಕೂಸು ಎತ್ತಿಕೊಂಡು ಕೂತವಳದು ನಿಮ್ಮದಲ್ಲ ಅಲ್ವಾ?

ಬಿಡಿ ಮಾರಾಟದ ಮಾತು ಬೇರೆ. ಅದನ್ನೂ ಈ ತಿದ್ದುಪಡಿಯೇ ನಿಲ್ಲಿಸಿದೆ. ಪಾಕೀಟಿಗೆ ದುಡ್ಡು ಹೊಂದಿಸಲಾಗದ ಹುಡುಗರು ಶುರು ಮಾಡುವುದೇ ಒಂದೊಂದು ಬಿಡಿ ಕೊಂಡು, ಮೇಲಾಗಿ ಬಿಡಿ ಕೊಂಡವನ ಕಣ್ಣಿಗೆ ಪಾಕೀಟಿನ ಶೇ. 85 ಭಾಗ ತುಂಬಿರುವ ಎಚ್ಚರಿಕೆಯ ಚಿತ್ರ ಬೀಳುವುದೇ ಇಲ್ಲ. ಹಾಗಾಗಿ ಉದ್ದೇಶ ಸರಿ. ಆದರೆ ನಿಮ್ಮಂಥವರ ಜೇಬಿಗೆ ಹತ್ತು ಸಿಗರೇಟು ಬಂದು ಕೂತರೆ ನಾಲ್ಕು ಹೋಗಿ ಏಳಾಗುತ್ತದೆ. ಇಲ್ಲಿ ನಾನು ನಿಮ್ಮ ಜೊತೆಗೇ ಇದ್ದೇನೆ. ವರ್ಷಗಟ್ಟಲೆ ಸೇದಿದವರಿಗೆ ನಿಯಮ ಹೇಳಿದಷ್ಟು ಜೋರಾಗಿ ಬಿಡುವ ದಾರಿಯನ್ನೂ ಹೇಳಬೇಕು, ಅದು ಆಗುತ್ತಿಲ್ಲ. ಇ-ಸಿಗರೇಟಿನ ಮಾರಾಟವನ್ನು 2019ರಲ್ಲೇ ದೇಶದಾದ್ಯಂತ ನಿಷೇಧಿಸಿದರು. ಇಂಗ್ಲೆಂಡಿನಲ್ಲಿ ಸಿಗರೇಟು ಬಿಡಲಿಕ್ಕೆ ಅದನ್ನು ಸೂಚಿಸುತ್ತಾರೆ, ನಮ್ಮಲ್ಲಿ ಆ ದಾರಿ ಇಲ್ಲ. ಕದ್ದುಮುಚ್ಚಿ ಮಾರುವುದನ್ನಂತೂ ಕೊಳ್ಳಬೇಡಿ, ಒಳಗೆ ಏನಿದೆಯೋ ಯಾರಿಗೆ ಗೊತ್ತು.

ನಿಮಗೆ ಉಳಿದದ್ದು ನಿಕೋಟಿನ್ ಗಮ್. 2 ಮಿಲಿಗ್ರಾಂನದ್ದು ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಹೃದಯದ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ. ತುಂಬಾ ಜನ ಇದನ್ನು ಮಾಮೂಲಿ ಚೂಯಿಂಗ್ ಗಮ್ ಥರ ಪಚಪಚ ಅಗಿದು, ಬಿಕ್ಕಳಿಕೆ ಬಂತು, ಹೊಟ್ಟೆ ತೊಳಸಿತು ಅಂತ ಬಿಟ್ಟುಬಿಡುತ್ತಾರೆ. ನಿಧಾನಕ್ಕೆ ಅಗಿಯಿರಿ. ನಾಲಿಗೆಗೆ ಖಾರ ಹತ್ತಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಿ. ಖಾರ ಇಳಿದ ಮೇಲೆ ಮತ್ತೆ ಅಗಿಯಿರಿ. ಗಮ್ ಬಾಯಿಗೆ ಹಾಕುವ ಮುಂಚೆ ಕಾಲು ತಾಸು ಚಹಾ ಕುಡಿಯಬೇಡಿ, ಕುಡಿದರೆ ಗಮ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಚಹಾದ ಜೊತೆಗೇ ಸಿಗರೇಟು ಹಚ್ಚುವವರಿಗೆ ಇದೇ ಕಷ್ಟದ ಭಾಗ, ಗೊತ್ತು. ಪಾಕೀಟಿನ ಮೇಲೆ 1800-11-2356 ಅಂತ, ಸೇದುವುದು ಬಿಡಲಿಕ್ಕೆ ನೆರವಾಗುವ ನಂಬರು ಇರುತ್ತದೆ, ಫೋನು ಉಚಿತ. ಮಾಡಿ ನೋಡಿ. ಸೇದುವುದು ಬಿಟ್ಟು ಒಂದು ವರ್ಷ ಆಗುವಷ್ಟರಲ್ಲಿ ಸಿಗರೇಟಿನಿಂದ ಹೆಚ್ಚಿದ್ದ ಹೃದ್ರೋಗದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. 52 ಅಂದರೆ ತಡವೇನಲ್ಲ.

ಪ್ರಶ್ನೆ: ನಮ್ಮವರು ಸಿಗರೇಟು ಬಿಟ್ಟು ಬೀಡಿ ಹಿಡಿದಿದ್ದಾರೆ. ಸರ್ಕಾರ ಬೀಡಿಗೆ ತೆರಿಗೆ ಕಡಿಮೆ ಹಾಕಿದೆ, ಅಂದ್ರೆ ಕೆಡಕೂ ಕಡಿಮೆ ಅಂತಾರೆ. ಹೌದಾ ಅಕ್ಕ?
- ಓದುಗಳು, ನಿಪ್ಪಾಣಿ

ಉತ್ತರ: ಇಲ್ಲಮ್ಮ. ತೆರಿಗೆ ಕಡಿಮೆ ಇರುವುದು ಬೀಡಿಯಲ್ಲಿ ಕೆಡುಕು ಕಡಿಮೆ ಅಂತಲ್ಲ, ಅದನ್ನು ನಂಬಿ ಬದುಕುವವರು ಜಾಸ್ತಿ ಅಂತ. ನಿಮ್ಮೂರಿನ ಹೊಲಗಳನ್ನೇ ನೋಡಿ, ಬೀಡಿ ತಂಬಾಕು ಎಷ್ಟು ಮನೆಗಳ ಒಲೆ ಉರಿಸಿದೆ. 1981ರಲ್ಲಿ ಬೆಲೆಗಾಗಿ ರೈತರು ಹೆದ್ದಾರಿಗೇ ಇಳಿದಿದ್ದರು. ಆ ಜನರ ಹೊಟ್ಟೆಪಾಡನ್ನು ಸರ್ಕಾರ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಯಜಮಾನರ ಶ್ವಾಸಕೋಶಕ್ಕೆ ತೆರಿಗೆಯ ಲೆಕ್ಕ ತಿಳಿಯುವುದಿಲ್ಲ. ಬೀಡಿಗೆ ಫಿಲ್ಟರ್ ಇಲ್ಲ, ಆರದಂತೆ ಮೇಲಿಂದ ಮೇಲೆ ಎಳೆಯಬೇಕು. ಕ್ಯಾನ್ಸರಿನ ಎಚ್ಚರಿಕೆ ಅದರ ಕಟ್ಟಿನ ಮೇಲೂ ಇರಬೇಕು ಅಂತ ಕಾನೂನೇ ಹೇಳುತ್ತದೆ. ಆ ಚಿತ್ರ ಅವರಿಗೇ ತೋರಿಸಿ, ಜಗಳ ಮಾಡದೆ. ಮೇಲೆ ಹೇಳಿದ ಗಮ್, ಫೋನು ಅವರಿಗೂ ಆಗುತ್ತವೆ.

ಪ್ರಶ್ನೆ: ನನಗೆ 19. ಮೊದಲು ಕೊಡುತ್ತಿದ್ದ ಅಂಗಡಿಯವರು ಈಗ ಸಿಗರೇಟು ಕೊಡುತ್ತಿಲ್ಲ. ಇದು ಸರಿನಾ?
- ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ಸರಿಯೇ ತಮ್ಮಾ. ನಮ್ಮ ರಾಜ್ಯದಲ್ಲಿ ಈಗ 21 ತುಂಬದವರಿಗೆ ಮಾರುವಂತಿಲ್ಲ, ಶಾಲೆ ಕಾಲೇಜಿನ 100 ಮೀಟರ್ ಒಳಗೆ ಯಾರಿಗೂ ಮಾರುವಂತಿಲ್ಲ. ನಿನಗೆ ಮಾರಿದರೆ ದಂಡ ಬೀಳುವುದು ಅವರಿಗೆ. ಅವರ ಮೇಲೆ ಸಿಟ್ಟಾಗಬೇಡ.