ಪಿಎಸ್‌ಪಿ 3000: ಹಳೆಯ 5.03 ಉಳಿಸಿಕೊಳ್ಳಬೇಕೇ, ಅಪ್‌ಡೇಟ್ ಮಾಡಬೇಕೇ?

ಕುಣಿಗಲ್‌ನ ಗೆಳೆಯರಿಗೆ ನಮಸ್ಕಾರ. ನೀವು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡ, ಕೈಯಲ್ಲಿ ಹಿಡಿದು ಆಡುವ ಸೋನಿಯ ಆಟದ ಯಂತ್ರ ಪಿಎಸ್‌ಪಿ 3000ದಲ್ಲಿ 5.03 ಫರ್ಮ್‌ವೇರ್ (ಯಂತ್ರವನ್ನು ನಡೆಸುವ ಒಳಗಿನ ಸಾಫ್ಟ್‌ವೇರ್) ಇದೆ. ಈಚೆಗೆ ಸಿಕ್ಕಿದ ಡಿಸ್ಕ್ ಅಪ್‌ಡೇಟ್ ಆಗದ ಹೊರತು ಆಟ ತೆರೆಯುವುದಿಲ್ಲ ಎನ್ನುತ್ತಿದೆ. ಮಾರಿದವರು ಮಾತ್ರ ‘5.03 ಬಂಗಾರವಿದ್ದಂತೆ, ಮುಟ್ಟಬೇಡಿ’ ಎಂದಿದ್ದಾರೆ. ಬೇರೆ ಯಂತ್ರಗಳ ಆಟಗಳನ್ನು ಇದರಲ್ಲೇ ನಡೆಸುವ ಎಮ್ಯುಲೇಟರ್‌ಗಳನ್ನು ಹಾಕಿಕೊಳ್ಳುವ ಆಸೆಯಿರುವ ನೀವು ಯಾರ ಮಾತು ಕೇಳಬೇಕೆಂದು ವಿಚಾರಿಸಿದ್ದೀರಿ. ಅಪ್‌ಡೇಟ್ ಮಾಡಿ ಎಂಬುದೇ ನನ್ನ ಸಲಹೆ. ಆದರೆ ಡಿಸ್ಕ್‌ನಲ್ಲಿರುವ ಆವೃತ್ತಿಗಲ್ಲ, ನೇರವಾಗಿ ಕೊನೆಯದಾದ 6.61ಕ್ಕೆ ಹೋಗಿ.

ಮಾರಿದವರು ಸುಳ್ಳು ಹೇಳಿಲ್ಲ, ಅವರ ಮಾತು 2009ರಲ್ಲಿ ನಿಜವಾಗಿತ್ತು. ಸೋನಿಯ ಅನುಮತಿಯ ಡಿಜಿಟಲ್ ಸಹಿಯಿಲ್ಲದ ಯಾವ ಪ್ರೋಗ್ರಾಮನ್ನೂ ಈ ಯಂತ್ರ ನಡೆಸುತ್ತಿರಲಿಲ್ಲ. ಆ ವರ್ಷ ಬಂದ ಚಿಕ್‌ಹೆನ್ ಎಂಬ ಸಾಧನ, ಟಿಫ್ ಚಿತ್ರಗಳನ್ನು ತೆರೆಯುವ ಭಾಗದಲ್ಲಿದ್ದ ದೋಷವೊಂದನ್ನು ಬಳಸಿಕೊಂಡು 5.03ರಲ್ಲಿ ಹೋಮ್‌ಬ್ರೂಗೆ, ಅಂದರೆ ಹವ್ಯಾಸಿಗಳು ಬರೆದ ಪ್ರೋಗ್ರಾಮುಗಳಿಗೆ, ದಾರಿ ತೆರೆಯಿತು. ಮುಂದಿನ ಫರ್ಮ್‌ವೇರ್ ಆ ದೋಷವನ್ನು ಮುಚ್ಚಿತು. ಆಗ ಅಪ್‌ಡೇಟ್ ಎಂದರೆ ಹಿಂದಿರುಗಲಾಗದ ಬಾಗಿಲು. ಆದರೆ 2011ರ ಆರಂಭದಲ್ಲಿ, ಸೋನಿಯದೇ ಇನ್ನೊಂದು ಯಂತ್ರವಾದ ಪಿಎಸ್‌3ರ ರಕ್ಷಣೆ ಮುರಿದು ಬಿದ್ದ ಬೆನ್ನಿಗೇ ಪಿಎಸ್‌ಪಿಯ ಸಹಿಯ ಕೀಲಿಗಳೂ ಹೊರಬಂದವು, ಅಂದಿನಿಂದ ಹವ್ಯಾಸಿಗಳು ತಮ್ಮ ಪ್ರೋಗ್ರಾಮಿಗೆ ತಾವೇ ಸಹಿ ಹಾಕಬಲ್ಲವರಾದರು. ಹೀಗಾಗಿ 6.61ರಲ್ಲಿ ಪ್ರೊನಂತಹ ಕಸ್ಟಮ್ ಫರ್ಮ್‌ವೇರ್ (ಹವ್ಯಾಸಿಗಳು ತಿದ್ದಿದ ಫರ್ಮ್‌ವೇರ್) ಸಲೀಸಾಗಿ ನಡೆಯುತ್ತದೆ. ಅದರ ನಂತರ ಇನ್ನೊಂದು ಅಧಿಕೃತ ಆವೃತ್ತಿ ಬಂದೇ ಇಲ್ಲವಾದ್ದರಿಂದ ಡಿಸ್ಕ್‌ಗಳ ಒತ್ತಾಯವೂ ಅಲ್ಲಿಗೆ ಮುಗಿಯುತ್ತದೆ.

ನಿಜವಾಗಿ ಹೆದರಬೇಕಾದದ್ದು ಕರೆಂಟಿಗೆ ಮತ್ತು ಬ್ಯಾಟರಿಗೆ. ಚಾರ್ಜರ್ ಜೋಡಿಸಿರದಿದ್ದರೆ ಅಥವಾ ಬ್ಯಾಟರಿ ಸಾಕಷ್ಟು ತುಂಬಿರದಿದ್ದರೆ ಯಂತ್ರ ಅಪ್‌ಡೇಟನ್ನು ಆರಂಭಿಸುವುದೇ ಇಲ್ಲ. ಆದರೆ ಹಳೆಯ ಬ್ಯಾಟರಿ ಪರದೆಯ ಮೇಲೆ ತುಂಬಿದಂತೆ ಕಂಡು, ಚಾರ್ಜರ್ ನಿಂತ ಗಳಿಗೆಯಲ್ಲೇ ಕೈಕೊಡುತ್ತದೆ. ಒಂದು ಬೇಸಿಗೆಯ ಸಂಜೆ ತುಮಕೂರಿನ ನಮ್ಮ ಮನೆಯಲ್ಲಿ ನಾನು ಇದೇ ತಪ್ಪು ಮಾಡಿದೆ. ಅಪ್‌ಡೇಟ್ ಅರ್ಧದಲ್ಲಿದ್ದಾಗ ಕರೆಂಟ್ ಹೋಯಿತು, ಮತ್ತೆ ಒತ್ತಿದಾಗ ಹಸಿರು ದೀಪ ಮಾತ್ರ ಹೊತ್ತಿತು, ಪರದೆ ಕಪ್ಪಾಗಿಯೇ ಉಳಿಯಿತು. ನನ್ನದು 1000 ಮಾದರಿಯಾದ್ದರಿಂದ ಯಂತ್ರವನ್ನು ದುರಸ್ತಿ ಸ್ಥಿತಿಯಲ್ಲಿ ಎಬ್ಬಿಸುವ, ಪಂಡೋರಾ ಎಂಬ ಸ್ನೇಹಿತರೊಬ್ಬರ ವಿಶೇಷ ಬ್ಯಾಟರಿಯಿಂದ ಅದನ್ನು ಎಬ್ಬಿಸಲು ಸಾಧ್ಯವಾಯಿತು. ನಿಮ್ಮ 3000 ಆ ಬ್ಯಾಟರಿಗೆ ಓಗೊಡುವುದಿಲ್ಲ. ಆದ್ದರಿಂದ ಮುಚ್ಚಳ ತೆಗೆದು ನೋಡಿ. ಬ್ಯಾಟರಿ ಒಂದಿಷ್ಟು ಊದಿಕೊಂಡಿದ್ದರೂ ಅದನ್ನು ಮತ್ತೆ ಬಳಸಬೇಡಿ. ಚೆನ್ನಾಗಿದ್ದರೆ ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ಇಲ್ಲದೆ ಒಂದು ಗಂಟೆ ಆಟ ಆಡಿ, ಅದು ತಡೆದುಕೊಂಡರೆ ಮಾತ್ರ ಮತ್ತೆ ತುಂಬಿಸಿ ಮುಂದುವರಿಯಿರಿ. ಮನೆಯಲ್ಲಿ ಯುಪಿಎಸ್ ಇದ್ದರೆ ಚಾರ್ಜರನ್ನು ಅದಕ್ಕೇ ಸಿಕ್ಕಿಸಿ.

ಉಳಿದ ಕೆಲಸ ಹೆಚ್ಚಿಲ್ಲ. ಮೆಮೊರಿ ಸ್ಟಿಕ್‌ನಲ್ಲಿರುವ ಸೇವ್‌ಡೇಟಾ ಫೋಲ್ಡರನ್ನು ಮೊದಲು ಕಂಪ್ಯೂಟರಿಗೆ ಪ್ರತಿ ಮಾಡಿಕೊಳ್ಳಿ. 6.61ರ ಕಡತವನ್ನು ಪಿಎಸ್‌ಪಿ ಫೋಲ್ಡರಿನೊಳಗಿನ ಗೇಮ್ ಫೋಲ್ಡರಿನಲ್ಲಿ ‘ಅಪ್‌ಡೇಟ್’ (UPDATE) ಎಂಬ ಹೆಸರಿನ ಹೊಸ ಫೋಲ್ಡರಿಗೆ ಹಾಕಿ, ಗೇಮ್ ಮೆನುವಿನಿಂದ ಅದನ್ನು ತೆರೆಯಿರಿ. ಅನಂತರ ಪ್ರೊ ಹಾಕಿದಾಗ, 3000ದಲ್ಲಿ ಅದು ತಾತ್ಕಾಲಿಕವಾಗಿಯೇ ನಿಲ್ಲುತ್ತದೆ: ಸ್ಲೀಪ್‌ನಲ್ಲಿಟ್ಟರೆ ಉಳಿಯುತ್ತದೆ, ಪೂರ್ತಿ ಆರಿಸಿದರೆ ಮತ್ತೆ ಚಾಲೂ ಮಾಡಬೇಕು. ಇದನ್ನು ಕಾಯಂ ಮಾಡುವ ಇನ್ಫಿನಿಟಿ ಎಂಬ ಸಾಧನವೂ ಇದೆ. ಅದು ಕೂಡ ಯಂತ್ರದ ಒಳಗಿನ ಫ್ಲ್ಯಾಶ್ ಮೆಮೊರಿಗೇ ಬರೆಯುತ್ತದಾದ್ದರಿಂದ ಬ್ಯಾಟರಿಯ ಎಚ್ಚರಿಕೆ ಅಲ್ಲಿಗೂ ಅನ್ವಯಿಸುತ್ತದೆ. ನಾನಾದರೆ ಒಂದು ತಿಂಗಳು ತಾತ್ಕಾಲಿಕವಾಗಿಯೇ ನಡೆಸಿ ನೋಡುತ್ತೇನೆ.

ಎಮ್ಯುಲೇಟರ್‌ಗಳ ಬಗ್ಗೆ ಹೆಚ್ಚು ನಿರೀಕ್ಷೆ ಬೇಡ. 333 ಮೆಗಾಹರ್ಟ್ಸ್‌ನ ಈ ಪ್ರೊಸೆಸರ್ ಗೇಮ್‌ಬಾಯ್ ಅಡ್ವಾನ್ಸ್, ಮೆಗಾ ಡ್ರೈವ್ ಆಟಗಳನ್ನು ಚೆನ್ನಾಗಿ ನಡೆಸುತ್ತದೆ, ಸೂಪರ್ ನಿಂಟೆಂಡೊದಲ್ಲಿ ಕೆಲವೆಡೆ ಎಡವುತ್ತದೆ, ನಿಂಟೆಂಡೊ 64 ಕೇವಲ ಕುತೂಹಲಕ್ಕೆ. ಮೊದಲ ಪ್ಲೇಸ್ಟೇಷನ್ ಆಟಗಳು ಸೊಗಸಾಗಿ ನಡೆಯುವುದಕ್ಕೆ ಕಾರಣ, ಅದರ ಎಮ್ಯುಲೇಟರ್ ಅಧಿಕೃತ ಫರ್ಮ್‌ವೇರ್‌ನೊಳಗೇ ಇರುವುದು. ಆಟಗಳ ಪ್ರತಿಯನ್ನು ನಿಮ್ಮದೇ ಡಿಸ್ಕ್ ಮತ್ತು ಕಾರ್ಟ್ರಿಜ್‌ಗಳಿಂದ ತೆಗೆದುಕೊಳ್ಳಿ. ಹಕ್ಕುಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೆ ಮುರಿಯುವುದು 2012ರ ತಿದ್ದುಪಡಿಯ ನಂತರ ನಮ್ಮಲ್ಲೂ ಅಪರಾಧ. ಸಿಕ್ಕಸಿಕ್ಕಲ್ಲಿಂದ ಇಳಿಸಿಕೊಂಡ ಕಡತಗಳ ಬಗ್ಗೆ ಇಲ್ಲಿ ಕೇಳಬೇಡಿ.

ನಿಮ್ಮ ಬ್ಯಾಟರಿ ಪರೀಕ್ಷೆಯಲ್ಲಿ ಸೋತರೆ, 3000ಕ್ಕೆ ಹೊಂದುವ ಒಳ್ಳೆಯ ಬ್ಯಾಟರಿಯೊಂದು ನನ್ನ ಬಳಿ ಇದೆ. ತುಮಕೂರಿಗೆ ಬಂದಾಗ ಯಂತ್ರವನ್ನೂ ತನ್ನಿ, ಅಪ್‌ಡೇಟ್ ಮುಗಿಯುವವರೆಗೆ ಅದನ್ನು ಬಳಸಿಕೊಳ್ಳಬಹುದು.