ಬಾಣಂತನದಲ್ಲಿ ಅಳು ನಿಲ್ತಾನೇ ಇಲ್ಲ

ಪ್ರಶ್ನೆ: ಹೆರಿಗೆ ಆಗಿ 5 ವಾರ ಆಯ್ತು ಮೇಡಂ, ತವರಲ್ಲಿದೀನಿ, ಎಣ್ಣೆ-ನೀರು ಎಲ್ಲ ಚೆನ್ನಾಗೇ ನಡೀತಿದೆ, ಆದ್ರೆ ಮಗು ಮಲಗಿದ್ರೂ ನಂಗೆ ನಿದ್ದೆ ಇಲ್ಲ, ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀನಿ. ನಾನು ಕೆಟ್ಟ ತಾಯಿನಾ?

ಉತ್ತರ: ಖಂಡಿತ ಅಲ್ಲಮ್ಮ. ಮೊದಲ 2 ವಾರ ಅಳು ಬರೋದು ಸಾಮಾನ್ಯ, ತಾನಾಗೇ ಹೋಗುತ್ತೆ, ನಿಮ್ಗೆ ಇನ್ನೂ ಹೋಗಿಲ್ಲ ಅಂದ್ರೆ ಡಿಪ್ರೆಶನ್ ಇರಬಹುದು, ಅದು ಕಾಯಿಲೆ, ನಿಮ್ಮ ತಪ್ಪಲ್ಲ, ವಾಸಿನೂ ಆಗುತ್ತೆ. ಈ ವಾರನೇ ಡಾಕ್ಟರಿಗೆ ತೋರಿಸಿ, ಥೈರಾಯ್ಡೂ ಚೆಕ್ ಮಾಡಿಸಿ, ಹಾಲು ಕುಡಿಸ್ತಾನೇ ತಗೋಬಹುದಾದ ಮಾತ್ರೆಗಳಿವೆ. ರಾತ್ರಿ ಸ್ವಲ್ಪ ಹೊತ್ತು ಮಗೂನ ಅಮ್ಮನೋ ಯಜಮಾನ್ರೋ ಎತ್ಕೊಳ್ಳಲಿ, ನೀವು ಮಲಗಿ. ಮಾತಾಡ್ಬೇಕು ಅನ್ಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಸಾಯ್ಬೇಕು ಅಂತ, ಮಗುಗೆ ಏನಾದ್ರೂ ಮಾಡ್ಬಿಡ್ತೀನಿ ಅಂತ ಅನ್ಸಿದ್ರೆ ಮಾತ್ರ ಒಂದು ಗಂಟೆನೂ ಕಾಯ್ಬೇಡಿ, ಮನೆಯವ್ರಿಗೆ ಹೇಳಿ ಸೀದಾ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗೂನ ಒಟ್ಟಿಗೇ ಇಟ್ಕೊಂಡು ನೋಡೋ ವಾರ್ಡೇ ಇದೆ.