ಮುಟ್ಟು ನಿಂತ ಮೇಲೆ ಈಸ್ಟ್ರೋಜನ್: ಕೊಡಗಿನ ಓದುಗರಿಗೆ ಸ್ತ್ರೀರೋಗ ತಜ್ಞೆಯ ಉತ್ತರ

ಋತುಬಂಧದ ತೊಂದರೆಗಳಿಗೆ ಕೊಡುವ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಕೊಡಗಿನ ಓದುಗರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನನಗೆ 49 ವರ್ಷ, ವಿರಾಜಪೇಟೆಯಲ್ಲಿ ಶಾಲಾ ಶಿಕ್ಷಕಿ. ಮುಟ್ಟು ನಿಂತು 14 ತಿಂಗಳಾಯಿತು. ಪಾಠ ಮಾಡುತ್ತಿರುವಾಗಲೇ ಎದೆಯಿಂದ ಮುಖಕ್ಕೆ ಬಿಸಿ ಏರಿ ಬೆವರು ಸುರಿಯುತ್ತದೆ. ಜುಲೈ ತಿಂಗಳ ಮಳೆಯ ಚಳಿಯಲ್ಲೂ ರಾತ್ರಿ ಕಂಬಳಿ ಒದ್ದು ಎದ್ದು ಕೂರುತ್ತೇನೆ. ಬಿ.ಪಿ. ಇದೆ, ಮಾತ್ರೆಯಿಂದ ಹತೋಟಿಯಲ್ಲಿದೆ. ಗರ್ಭಕೋಶ ತೆಗೆಸಿಕೊಂಡಿರುವ ನನ್ನ ಓರಗಿತ್ತಿ ಈಸ್ಟ್ರಾಡಿಯೋಲ್ ಮಾತ್ರೆಯಿಂದ ಆರಾಮಾಗಿದ್ದಾಳೆ. ಅದನ್ನೇ ಅಂಗಡಿಯಿಂದ ತರಿಸಿ ನಾನೂ ತೆಗೆದುಕೊಳ್ಳಬಹುದೇ? ಹಾರ್ಮೋನ್ ಎಂದರೆ ಸ್ತನ ಕ್ಯಾನ್ಸರ್ ಬಂದಂತೆಯೇ ಎಂದು ಅತ್ತಿಗೆ ಹೆದರಿಸುತ್ತಿದ್ದಾರೆ.

ಉತ್ತರ: ಓರಗಿತ್ತಿಯ ಮಾತ್ರೆಯನ್ನು ದಯವಿಟ್ಟು ಮುಟ್ಟಬೇಡಿ. ಆ ಮಾತ್ರೆಯಲ್ಲಿ ದೋಷವಿಲ್ಲ, ಅದು ಅವರಿಗೆ ಸರಿಯಾಗಿಯೇ ಇದೆ. ಅವರಿಗೆ ಗರ್ಭಕೋಶವಿಲ್ಲ, ನಿಮಗೆ ಇದೆ ಎಂಬ ಒಂದೇ ವ್ಯತ್ಯಾಸ ಇಲ್ಲಿ ಎಲ್ಲವನ್ನೂ ಬದಲಿಸುತ್ತದೆ. ಅದರಲ್ಲಿರುವುದು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಮಾತ್ರ. ಅದೊಂದನ್ನೇ ತಿಂಗಳುಗಟ್ಟಲೆ ತೆಗೆದುಕೊಂಡರೆ ಗರ್ಭಕೋಶದ ಒಳಪದರ ಬೆಳೆಯುತ್ತಲೇ ಹೋಗುತ್ತದೆ, ದಪ್ಪವಾಗುತ್ತದೆ, ಕೆಲವರಲ್ಲಿ ಕಾಲಕ್ರಮೇಣ ಕ್ಯಾನ್ಸರ್‌ಗೆ ತಿರುಗುತ್ತದೆ. ಈ ಬೆಳವಣಿಗೆಯನ್ನು ತಡೆಯುವುದು ಪ್ರೊಜೆಸ್ಟರೋನ್ ಎಂಬ ಇನ್ನೊಂದು ಹಾರ್ಮೋನು. ಆದ್ದರಿಂದ ಗರ್ಭಕೋಶ ಇರುವ ಹೆಂಗಸಿಗೆ ಮಾತ್ರೆ, ಜೆಲ್, ಚರ್ಮಕ್ಕೆ ಅಂಟಿಸುವ ಪಟ್ಟಿ ಹೀಗೆ ಯಾವ ರೂಪದಲ್ಲಿ ಇಡೀ ದೇಹಕ್ಕೆ ಈಸ್ಟ್ರೋಜನ್ ಕೊಟ್ಟರೂ ಜೊತೆಗೆ ಪ್ರೊಜೆಸ್ಟರೋನ್ ಕೊಡಲೇಬೇಕು. ನಿಮ್ಮಂತೆ ಮುಟ್ಟು ನಿಂತು ವರ್ಷ ದಾಟಿದವರಿಗೆ ಸಾಮಾನ್ಯವಾಗಿ 100 ಮಿಲಿಗ್ರಾಂ ಮೈಕ್ರೊನೈಸ್ಡ್ (ನುಣ್ಣಗೆ ಪುಡಿಮಾಡಿದ) ಪ್ರೊಜೆಸ್ಟರೋನ್ ಅನ್ನು ಪ್ರತಿ ರಾತ್ರಿ ಕೊಡುತ್ತೇವೆ. ಮುಟ್ಟು ಇನ್ನೂ ಏರುಪೇರಾಗಿ ಬರುತ್ತಿರುವವರಿಗೆ 200 ಮಿಲಿಗ್ರಾಂನಂತೆ ತಿಂಗಳಿಗೆ 12ರಿಂದ 14 ದಿನ. ಈ ಮಾತ್ರೆ ಸ್ವಲ್ಪ ಮಂಪರು ತರುವುದರಿಂದ ಮಲಗುವ ಮುನ್ನ ತೆಗೆದುಕೊಳ್ಳಬೇಕು. ನಿದ್ದೆಗೆಟ್ಟ ನಿಮಗೆ ಅದು ಅನುಕೂಲವೂ ಆದೀತು. ಎರಡು ಮಾತ್ರೆಗಳಲ್ಲಿ ಒಂದನ್ನು ಖರ್ಚು ಉಳಿಸಲೆಂದು ಬಿಡುವವರಿದ್ದಾರೆ. ಸೆಖೆ ಕಡಿಮೆ ಮಾಡುವುದು ಈಸ್ಟ್ರೋಜನ್ ಆದ್ದರಿಂದ ಬಿಟ್ಟುಹೋಗುವುದು ಯಾವಾಗಲೂ ಪ್ರೊಜೆಸ್ಟರೋನೇ. ಅದನ್ನು ಬಿಟ್ಟರೆ ಆ ದಿನ ಏನೂ ಗೊತ್ತಾಗುವುದಿಲ್ಲ, ಅಪಾಯ ಇರುವುದೂ ಅಲ್ಲಿಯೇ.

ಇನ್ನು ನಿಮ್ಮ ಅತ್ತಿಗೆಯವರ ಭಯದ ಮಾತು. ಅದು ಬುಡವಿಲ್ಲದ ಮಾತಲ್ಲ. 2002ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ದೊಡ್ಡ ಅಧ್ಯಯನದ ಒಂದು ಭಾಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿದಾಗ ಜಗತ್ತಿನಾದ್ಯಂತ ಹೆಂಗಸರು ಒಮ್ಮೆಲೇ ಮಾತ್ರೆ ಬಿಟ್ಟರು, ವೈದ್ಯರು ಬರೆಯುವುದನ್ನೂ ಬಿಟ್ಟರು. ಆದರೆ ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಅವರಲ್ಲಿ ಬಹುಪಾಲು ಮಂದಿಗೆ ಮುಟ್ಟು ನಿಂತು ಎಷ್ಟೋ ವರ್ಷಗಳಾಗಿದ್ದವು. ಕೊಟ್ಟಿದ್ದು ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರೋನಿನಂತೆ ಕೆಲಸ ಮಾಡುವ ಒಂದು ಕೃತಕ ಪ್ರೊಜೆಸ್ಟಿನ್. ಅಲ್ಲಿ ಕಂಡ ಹೆಚ್ಚಳವೆಂದರೆ ವರ್ಷವೊಂದರಲ್ಲಿ ಪ್ರತಿ 10,000 ಹೆಂಗಸರಲ್ಲಿ ಸುಮಾರು 8 ಸ್ತನ ಕ್ಯಾನ್ಸರ್ ಪ್ರಕರಣಗಳು. ಗರ್ಭಕೋಶವಿಲ್ಲದೆ ಈಸ್ಟ್ರೋಜನ್ ಒಂದನ್ನೇ ಪಡೆದ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ, ಆದರೆ ಪಾರ್ಶ್ವವಾಯು ಹೆಚ್ಚಿತು. ಎರಡೂ ಹಾರ್ಮೋನುಗಳನ್ನು ಹಲವು ವರ್ಷ ತೆಗೆದುಕೊಂಡರೆ ಸ್ತನ ಕ್ಯಾನ್ಸರ್‌ನ ಸಾಧ್ಯತೆ ಸ್ವಲ್ಪ ಏರುತ್ತದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ದೇಹದ ತೂಕ ಮತ್ತು ದಿನನಿತ್ಯದ ಮದ್ಯಸೇವನೆ ಕೂಡ ಅದನ್ನು ಏರಿಸುತ್ತವೆ ಎಂಬ ಮಾತು ಮಾತ್ರ ನಮ್ಮ ಮನೆಗಳಲ್ಲಿ ಯಾರನ್ನೂ ಅಷ್ಟಾಗಿ ಹೆದರಿಸುವುದಿಲ್ಲ. 60ರ ಒಳಗಿನ, ಮುಟ್ಟು ನಿಂತು 10 ವರ್ಷ ಮೀರದ, ಬೇರೆ ತಡೆಗಳಿಲ್ಲದ, ನಿಮ್ಮಷ್ಟು ತೊಂದರೆ ಪಡುತ್ತಿರುವ ಹೆಂಗಸಿಗೆ ಈ ಚಿಕಿತ್ಸೆಯಿಂದ ಲಾಭವೇ ಹೆಚ್ಚು ಎಂಬುದು ಇಂದಿನ ವೈದ್ಯಕೀಯ ಒಮ್ಮತ. ನಿಮ್ಮ ಹತೋಟಿಯಲ್ಲಿರುವ ಬಿ.ಪಿ. ಅದಕ್ಕೆ ತಡೆಯಲ್ಲ.

ಶುರುಮಾಡುವ ಮುನ್ನ ಬಿ.ಪಿ., ತೂಕ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಳ್ಳಿ. ಸ್ತನ ಪರೀಕ್ಷೆ, ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ), ಪ್ಯಾಪ್ ಸ್ಮಿಯರ್ (ಗರ್ಭಕೋಶದ ಕೊರಳಿನ ಕ್ಯಾನ್ಸರ್ ಪತ್ತೆಯ ಪರೀಕ್ಷೆ) ಆಗಲಿ. ಮ್ಯಾಮೊಗ್ರಾಮ್ ಹತ್ತಿರದಲ್ಲಿ ಸಿಗದಿದ್ದರೆ ಮುಂದಿನ ಸಲ ಮೈಸೂರಿಗೆ ಹೋದಾಗ ಮಾಡಿಸಿದರಾಯಿತು ಎಂದು ಮುಂದೂಡುವುದಕ್ಕಿಂತ ಅದಕ್ಕೆಂದೇ ಒಂದು ದಿನ ಹೋಗಿಬನ್ನಿ. ಕಡಿಮೆ ಪ್ರಮಾಣದಿಂದ ಆರಂಭಿಸಿ, 3 ತಿಂಗಳಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ವೈದ್ಯರೊಡನೆ ಕುಳಿತು ಮುಂದುವರಿಸಬೇಕೇ ಎಂದು ನಿರ್ಧರಿಸಬೇಕು. ನೀವು ಕೇಳದ ಇನ್ನೊಂದು ಮಾತು: ಈ ಮಾತ್ರೆಗಳು ಗರ್ಭನಿರೋಧಕಗಳಲ್ಲ. 50ಕ್ಕೆ ಮುನ್ನ ಮುಟ್ಟು ನಿಂತವರು ಕೊನೆಯ ಮುಟ್ಟಿನಿಂದ 2 ವರ್ಷ ಎಚ್ಚರಿಕೆ ವಹಿಸಬೇಕು.

ಪ್ರಶ್ನೆ: ಸೋಮವಾರಪೇಟೆಯವಳು, 52 ವರ್ಷ, ತೂಕ ಜಾಸ್ತಿ, ಥೈರಾಯಿಡ್ ಮಾತ್ರೆ ನುಂಗುತ್ತೇನೆ. ನನ್ನ ತಾಯಿಗೆ ಹೆರಿಗೆಯ ನಂತರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಬಿಸಿ ಏರುವುದಕ್ಕೆ ವೈದ್ಯರು ಮಾತ್ರೆಯ ಬದಲು ಜೆಲ್ ಬರೆದಿದ್ದಾರೆ. ಮಾತ್ರೆಗಿಂತ ದುಬಾರಿಯಾದ ಇದು ನಿಜಕ್ಕೂ ಬೇಕೇ? ಮನೆಯಲ್ಲಿ ಸದಾ ಮಡಿಲಲ್ಲೇ ಇರುವ ಎರಡು ವರ್ಷದ ಮೊಮ್ಮಗಳಿದ್ದಾಳೆ.

ಉತ್ತರ: ನಿಮ್ಮ ವೈದ್ಯರು ಯೋಚಿಸಿಯೇ ಬರೆದಿದ್ದಾರೆ, ಈ ಖರ್ಚು ಸಾರ್ಥಕ. ನುಂಗಿದ ಈಸ್ಟ್ರೋಜನ್ ಕರುಳಿನಿಂದ ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಅದು ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುವುದರಿಂದ ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಗಡ್ಡೆ ಕಟ್ಟುವ ಅಪಾಯ ಏರುತ್ತದೆ. ಚರ್ಮದ ಮೂಲಕ ಒಳಹೋಗುವ ಈಸ್ಟ್ರೋಜನ್ ನೇರವಾಗಿ ರಕ್ತವನ್ನು ಸೇರುವುದರಿಂದ, ಸಾಮಾನ್ಯ ಪ್ರಮಾಣದಲ್ಲಿ ಈ ಅಪಾಯ ಹೆಚ್ಚಿದ್ದು ಕಂಡುಬಂದಿಲ್ಲ. ತೂಕ ಜಾಸ್ತಿ ಇರುವವರಿಗೆ, ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಮೈಗ್ರೇನ್ ಇರುವವರಿಗೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚಿರುವವರಿಗೆ ನಾವು ಜೆಲ್ ಅಥವಾ ಪಟ್ಟಿಯನ್ನೇ ಆರಿಸುವುದು ಇದಕ್ಕಾಗಿ. ತಾಯಿಯ ವಿಷಯವನ್ನು ವೈದ್ಯರಿಗೆ ಹೇಳಿರದಿದ್ದರೆ ಹೇಳಿ. ಹತ್ತಿರದ ರಕ್ತಸಂಬಂಧಿಗಳಲ್ಲಿ ಸಣ್ಣ ವಯಸ್ಸಿನಲ್ಲಿ ಹೀಗಾಗಿದ್ದರೆ ಕೆಲವೊಮ್ಮೆ ರಕ್ತರೋಗ ತಜ್ಞರ ಅಭಿಪ್ರಾಯ ಬೇಕಾಗುತ್ತದೆ. ಜೆಲ್ ಹಚ್ಚುವಾಗಲೂ ಗರ್ಭಕೋಶ ಇದ್ದರೆ ಪ್ರೊಜೆಸ್ಟರೋನ್ ತಪ್ಪಿಸುವಂತಿಲ್ಲ ಎಂಬುದನ್ನು ಮರೆಯಬೇಡಿ.

ಥೈರಾಯಿಡ್ ವಿಷಯದಲ್ಲೂ ಜೆಲ್ ಒಳ್ಳೆಯದು. ನುಂಗುವ ಈಸ್ಟ್ರೋಜನ್ ರಕ್ತದಲ್ಲಿ ಥೈರಾಯಿಡ್ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನನ್ನು ಹೆಚ್ಚಿಸುವುದರಿಂದ ಎಷ್ಟೋ ಜನರಿಗೆ ಥೈರಾಕ್ಸಿನ್ ಮಾತ್ರೆಯ ಪ್ರಮಾಣ ಏರಿಸಬೇಕಾಗುತ್ತದೆ. ಮುಂದೆ ಎಂದಾದರೂ ಜೆಲ್‌ನಿಂದ ಮಾತ್ರೆಗೆ ಬದಲಾದರೆ 6ರಿಂದ 12 ವಾರಗಳ ಒಳಗೆ ಟಿ.ಎಸ್.ಎಚ್. ಎಂಬ ಥೈರಾಯಿಡ್ ರಕ್ತಪರೀಕ್ಷೆ ಮಾಡಿಸಿ.

ಮೊಮ್ಮಗಳ ಬಗ್ಗೆ ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಇದನ್ನು ಹೇಳಿಕೊಡುವವರು ಕಡಿಮೆ. ಹಸಿ ಜೆಲ್ ಮಗುವಿನ ಚರ್ಮಕ್ಕೆ ತಾಗಿ ಒಳಹೋದರೆ ಹಾರ್ಮೋನಿನ ಪರಿಣಾಮ ಮಗುವಿನ ಮೇಲೂ ಆಗಬಹುದು. ಹೆಣ್ಣುಮಗುವಾಗಲಿ ಗಂಡುಮಗುವಾಗಲಿ, ಪುಟ್ಟ ಮಗುವಿನ ಎದೆ ಬೆಳೆದ ಪ್ರಕರಣಗಳು ಇಂಥ ಔಷಧಿಗಳಿಂದ ವರದಿಯಾಗಿವೆ. ಸ್ನಾನವಾದ ಮೇಲೆ ಒಣಗಿದ ತೋಳಿಗೆ ಅಥವಾ ತೊಡೆಗೆ ತೆಳ್ಳಗೆ ಹಚ್ಚಿ, ಪೂರ್ತಿ ಒಣಗಲು ಬಿಟ್ಟು, ಬಟ್ಟೆಯಿಂದ ಮುಚ್ಚಿ, ಕೈಗಳನ್ನು ಸೋಪಿನಿಂದ ತೊಳೆದ ನಂತರವೇ ಮಗುವನ್ನು ಎತ್ತಿಕೊಳ್ಳಿ. ಸ್ತನಕ್ಕೆ ಹಚ್ಚಬಾರದು. ಜೆಲ್‌ನಲ್ಲಿ ಆಲ್ಕೋಹಾಲ್ ಇರುವುದರಿಂದ ಅದು ಒಣಗುವವರೆಗೆ ಬಚ್ಚಲೊಲೆಯ ಹತ್ತಿರವೂ ನಿಲ್ಲಬಾರದು. ಒಂದು ಕಾಲು ಮಾತ್ರ ಊದಿ ನೋಯತೊಡಗಿದರೆ, ಎದೆನೋವು ಅಥವಾ ಉಬ್ಬಸ ಬಂದರೆ, ಮಾತು ತೊದಲಿದರೆ, ಜೆಲ್ ನಿಲ್ಲಿಸಿ ತಕ್ಷಣ ಆಸ್ಪತ್ರೆ ಸೇರಬೇಕು.

ಪ್ರಶ್ನೆ: ನನಗೆ 63 ವರ್ಷ, ಗೋಣಿಕೊಪ್ಪಲಿನವಳು. ಬಿಸಿ ಏರುವುದು ಎಂದೋ ನಿಂತಿದೆ, ಆದರೆ ಕೆಳಗೆ ಒಣಗಿ ಉರಿಯುತ್ತದೆ, ಮೂತ್ರದ ಸೋಂಕು ಮತ್ತೆ ಮತ್ತೆ ಬರುತ್ತದೆ. ಹೇಳಿಕೊಳ್ಳಲು ನಾಚಿಕೆ. ವೈದ್ಯರು ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಕೊಟ್ಟಿದ್ದಾರೆ. ಅದರ ಚೀಟಿಯಲ್ಲಿ ಕ್ಯಾನ್ಸರ್, ಹೃದಯಾಘಾತ ಎಂದೆಲ್ಲ ಓದಿ ಹಾಗೆಯೇ ಎತ್ತಿಟ್ಟಿದ್ದೇನೆ.

ಉತ್ತರ: ಎತ್ತಿಟ್ಟ ಕ್ರೀಮಿನ ಅವಧಿ ಮುಗಿದಿಲ್ಲವೆಂದು ನೋಡಿಕೊಂಡು, ಬಳಸಲು ಆರಂಭಿಸಿ. ಆ ಚೀಟಿಯ ಎಚ್ಚರಿಕೆಗಳು ಇಡೀ ದೇಹಕ್ಕೆ ಹೋಗುವ ಹಾರ್ಮೋನಿನ ಅಧ್ಯಯನಗಳಿಂದ ಬಂದವು. ಯೋನಿಯಲ್ಲಿ ಬಳಸುವ ಕಡಿಮೆ ಪ್ರಮಾಣದ ಎಸ್ಟ್ರಿಯೋಲ್ (ಒಂದು ಬಗೆಯ ಈಸ್ಟ್ರೋಜನ್) ಕ್ರೀಮಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ, ಜೊತೆಗೆ ಪ್ರೊಜೆಸ್ಟರೋನ್ ಕೂಡ ಬೇಕಿಲ್ಲ, 60 ದಾಟಿದ್ದೂ ಅಡ್ಡಿಯಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ನವೆಂಬರ್‌ನಲ್ಲಿ ಋತುಬಂಧದ ಹಾರ್ಮೋನ್ ಔಷಧಿಗಳ ಮೇಲಿನ ಹೃದಯ ಮತ್ತು ಸ್ತನ ಕ್ಯಾನ್ಸರ್ ಕುರಿತ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಸಲು ಕ್ರಮ ಕೈಗೊಂಡಿತು. ಇಡೀ ದೇಹಕ್ಕೆ ಹೋಗುವ ಈಸ್ಟ್ರೋಜನ್ ಅನ್ನು ಒಂಟಿಯಾಗಿ ಬಳಸಿದರೆ ಗರ್ಭಕೋಶಕ್ಕಾಗುವ ಅಪಾಯದ ಎಚ್ಚರಿಕೆಯನ್ನು ಮಾತ್ರ ಉಳಿಸಿಕೊಂಡಿತು. ಸಾಮಾನ್ಯವಾಗಿ ಮೊದಲ 2ರಿಂದ 3 ವಾರ ಪ್ರತಿ ರಾತ್ರಿ, ನಂತರ ವಾರಕ್ಕೆ 2 ಸಲ. ಉರಿ ನಿಂತಿತೆಂದು ಬಿಟ್ಟರೆ ತೊಂದರೆ ಮರಳುತ್ತದೆ. ಮೂತ್ರದ ಸೋಂಕು ಪದೇಪದೇ ಬರುವುದೂ ಇದರಿಂದ ಕಡಿಮೆಯಾಗುತ್ತದೆ. ಪ್ರತಿ ಸಲ ಆಂಟಿಬಯೋಟಿಕ್ ನುಂಗುವುದಕ್ಕಿಂತ ಇದು ಎಷ್ಟೋ ಮೇಲು. ಇನ್ನು ನಾಚಿಕೆಯ ಮಾತು: ನಿಮ್ಮ ವಯಸ್ಸಿನ ಅರ್ಧಕ್ಕರ್ಧ ಹೆಂಗಸರಿಗೆ ಇದೇ ತೊಂದರೆ ಇರುತ್ತದೆ, ಅವರೂ ನಿಮ್ಮಂತೆಯೇ ಸುಮ್ಮನಿರುತ್ತಾರೆ.

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ತೋಟದ ಲೈನ್ ಮನೆಯಲ್ಲಿದ್ದೇನೆ. ಅತಿಯಾದ ರಕ್ತಸ್ರಾವಕ್ಕೆಂದು 36ನೇ ವಯಸ್ಸಿನಲ್ಲಿ ಗರ್ಭಕೋಶ ತೆಗೆದರು. ಈಗ 38. ಬಿಸಿ, ಬೆವರು, ಮೈಕೈ ನೋವು. ಹಾರ್ಮೋನ್ ಮಾತ್ರೆ ಕೊಟ್ಟಿದ್ದರು, ಅಪಾಯ ಎಂದು ಯಾರೋ ಹೇಳಿದ್ದಕ್ಕೆ ಬಿಟ್ಟೆ.

ಉತ್ತರ: ಮೊದಲು ಆಪರೇಷನ್ ಆದ ಆಸ್ಪತ್ರೆಯ ಬಿಡುಗಡೆ ಚೀಟಿಯನ್ನು ಹುಡುಕಿ ತೆಗೆಯಿರಿ. ಗರ್ಭಕೋಶ ಮಾತ್ರ ತೆಗೆದರೋ, ಅಂಡಾಶಯಗಳನ್ನೂ ತೆಗೆದರೋ ಎಂಬುದು ಅದರಲ್ಲಿರುತ್ತದೆ. ನಮ್ಮಲ್ಲಿ ಆಪರೇಷನ್ ಆದ ಹೆಂಗಸಿಗೇ ಅದು ಗೊತ್ತಿಲ್ಲದಿರುವುದು ತೀರಾ ಸಾಮಾನ್ಯ, ಅದಕ್ಕೆ ಹೊಣೆ ಹೇಳದಿದ್ದ ನಾವು ವೈದ್ಯರು. ಅಂಡಾಶಯಗಳು ಹೋಗಿದ್ದರೆ ನಿಮಗೆ ಈಸ್ಟ್ರೋಜನ್ ಬಿಸಿ ತಗ್ಗಿಸುವ ಮಾತ್ರೆಯಷ್ಟೇ ಅಲ್ಲ, ದೇಹ ಇನ್ನೂ ಹತ್ತು ಹನ್ನೆರಡು ವರ್ಷ ತಾನೇ ತಯಾರಿಸಬೇಕಿದ್ದ ವಸ್ತುವನ್ನು ಹೊರಗಿನಿಂದ ತುಂಬಿಕೊಡುವುದು. ಅದಿಲ್ಲದೆ ಮೂಳೆ ಬೇಗ ಸವೆಯುತ್ತದೆ, ಹೃದಯದ ಕಾಯಿಲೆಯೂ ಬೇಗ ಬರಬಹುದು. ಮೇಲೆ ಹೇಳಿದ, 60ರ ಆಸುಪಾಸಿನವರ ಅಧ್ಯಯನದ ಭಯವನ್ನು 38ರ ನಿಮಗೆ ಹೊಂದಿಸಲಾಗದು. ಬೇರೆ ತಡೆಗಳಿಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಮುಂದುವರಿಸಬೇಕು. ಗರ್ಭಕೋಶವಿಲ್ಲದ ಕಾರಣ ಸಾಮಾನ್ಯವಾಗಿ ಪ್ರೊಜೆಸ್ಟರೋನ್ ಬೇಡ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಇದ್ದವರಿಗೆ ಮಾತ್ರ ವೈದ್ಯರು ಬೇರೆ ನಿರ್ಧಾರ ತೆಗೆದುಕೊಂಡಾರು. ಮಾತ್ರೆಗೆ ಪ್ರತಿ ತಿಂಗಳು ಹಣ ಹೊಂದಿಸುವುದು ಕಷ್ಟವಾದರೆ ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಚೀಟಿ ತೋರಿಸಿ ವಿಚಾರಿಸಿ.

ಪ್ರಶ್ನೆ: ಮಡಿಕೇರಿಯವಳು, 51. ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆಯಾಗಿ ಈಗ ಟಾಮೊಕ್ಸಿಫೆನ್ ತೆಗೆದುಕೊಳ್ಳುತ್ತಿದ್ದೇನೆ. ಬಿಸಿ ಏರುವುದನ್ನು ತಡೆಯಲಾಗುತ್ತಿಲ್ಲ. ಸ್ವಲ್ಪವೇ ಈಸ್ಟ್ರೋಜನ್ ತೆಗೆದುಕೊಳ್ಳಬಹುದೇ?

ಉತ್ತರ: ಬೇಡ, ಮಾತ್ರೆಯೂ ಬೇಡ, ಜೆಲ್ಲೂ ಬೇಡ. ಸ್ತನದಲ್ಲಿ ಈಸ್ಟ್ರೋಜನ್‌ನ ಕೆಲಸವನ್ನು ತಡೆಯಲೆಂದೇ ನಿಮಗೆ ಟಾಮೊಕ್ಸಿಫೆನ್ ಕೊಡುತ್ತಿರುವುದು. ಕಾರಣ ತಿಳಿಯದ ರಕ್ತಸ್ರಾವ ಇರುವವರು, ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಯಕೃತ್ತಿನ ಕಾಯಿಲೆ ಉಲ್ಬಣಿಸಿರುವವರು ಕೂಡ ಇದೇ ಸಾಲಿಗೆ ಸೇರುತ್ತಾರೆ. ಸೋಯಾ ಸಾರದ ಮಾತ್ರೆಗಳನ್ನೂ, ಒಳಗೇನಿದೆ ಎಂದು ಬರೆದಿರದ ಔಷಧಿಗಳನ್ನೂ ದೂರವಿಡಿ. ವೆನ್ಲಾಫಾಕ್ಸಿನ್ ಅಥವಾ ಗ್ಯಾಬಾಪೆಂಟಿನ್‌ನಂತಹ ಹಾರ್ಮೋನ್ ಅಲ್ಲದ ಮಾತ್ರೆಗಳಿಂದ ಗಣನೀಯ ಪರಿಹಾರ ಸಿಗುತ್ತದೆ. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್ ಮತ್ತು ಫ್ಲುಒಕ್ಸೆಟಿನ್ ಮಾತ್ರ ಟಾಮೊಕ್ಸಿಫೆನ್‌ನ ಕೆಲಸವನ್ನು ಕುಂದಿಸುವುದರಿಂದ ನಿಮಗೆ ಸಲ್ಲವು. ಬೇರೆ ವೈದ್ಯರು ಬರೆದರೆ ಟಾಮೊಕ್ಸಿಫೆನ್ ವಿಷಯ ನೆನಪಿಸಿ. ಯೋನಿಯ ಒಣಗುವಿಕೆಗೆ ಹಾರ್ಮೋನ್ ಇಲ್ಲದ ತೇವಕಾರಕಗಳಿಂದ ಆರಂಭಿಸಿ; ಅವು ಸಾಲದಿದ್ದರೆ ಕ್ರೀಮಿನ ಮಾತನ್ನು ಕ್ಯಾನ್ಸರ್ ತಜ್ಞರೊಡನೆಯೇ ಆಡಬೇಕು.

ಪ್ರಶ್ನೆ: ನಾಪೋಕ್ಲುವಿನಿಂದ. ವಯಸ್ಸು 55. ಎರಡೂ ಹಾರ್ಮೋನುಗಳಿರುವ ಮಾತ್ರೆಯನ್ನು 2 ವರ್ಷದಿಂದ ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆ. ಕಳೆದ ವಾರ ಎರಡು ದಿನ ಸ್ವಲ್ಪ ರಕ್ತ ಕಾಣಿಸಿತು, ಈಗ ನಿಂತಿದೆ. ಕಾಫಿ ಕೊಯ್ಲು ಮುಗಿಸಿಕೊಂಡು ತೋರಿಸಿದರೆ ಆಗದೇ?

ಉತ್ತರ: ಆಗದು. ನಿತ್ಯ ಎರಡೂ ಹಾರ್ಮೋನು ತೆಗೆದುಕೊಳ್ಳುವವರಿಗೆ ಮೊದಲ 3ರಿಂದ 6 ತಿಂಗಳು ಅಷ್ಟಿಷ್ಟು ರಕ್ತ ಕಾಣಿಸುವುದು ಸಹಜ. ಆದರೆ 2 ವರ್ಷ ಏನೂ ಇಲ್ಲದೆ ಈಗ ಕಾಣಿಸಿದ್ದನ್ನು, ಅದು ಒಂದು ಕಲೆಯಷ್ಟೇ ಆಗಿದ್ದರೂ, ತಾನಾಗಿ ನಿಂತಿದ್ದರೂ, ಪರೀಕ್ಷಿಸಲೇಬೇಕು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಪದರದ ದಪ್ಪವನ್ನು ಅಳೆಯುತ್ತಾರೆ, ಅಗತ್ಯವಿದ್ದರೆ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಹೆಚ್ಚಿನವರಲ್ಲಿ ಕಂಡುಬರುವುದು ಸಣ್ಣ ಪಾಲಿಪ್ (ಒಳಪದರದಿಂದ ಬೆಳೆದ ಗಂಟು) ಅಥವಾ ತೆಳುವಾದ ಪದರ, ಕೆಲವರಲ್ಲಿ ಮಾತ್ರ ಗಂಭೀರ ಕಾರಣ ಇರುತ್ತದೆ. ಅದನ್ನು ಬೇಗ ಹಿಡಿದರೆ ಗುಣಪಡಿಸುವುದು ಸುಲಭ. ಕೊಯ್ಲಿಗೆ ಆಳು ಸಿಗದ ಕಷ್ಟ ನನಗೂ ಗೊತ್ತು, ಆದರೂ ಈ ವಾರವೇ ಹೋಗಿ. ಹೋಗುವಾಗ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್‌ಗಳನ್ನು, ಬಿ.ಪಿ., ಫಿಟ್ಸ್, ಹೊಟ್ಟೆಯುರಿಯವು ಸೇರಿದಂತೆ, ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಫಿಟ್ಸ್‌ನ ಕೆಲವು ಮಾತ್ರೆಗಳು ಹಾರ್ಮೋನಿನ ಪ್ರಮಾಣವನ್ನು ಏರುಪೇರು ಮಾಡುತ್ತವೆ, ರಕ್ತ ಕಾಣಿಸಲು ಅದೂ ಒಂದು ಕಾರಣವಾಗಬಹುದು.